ಎಣ್ಣೆಯ ಹೆಸರು, ಎಣ್ಣೆಯ ಗುಣ

‘ಎಣ್ಣೆ’ ಎಂಬ ಶಬ್ದವು ‘ಎಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ಕೂಡಿ ಆದುದು; ಎಳ್ಳಿನ ಜಿಡ್ಡು ಎಂಬುದೇ ಅದರ ಮೂಲಾರ್ಥ. ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಹುಟ್ಟಿತು. ಎಳ್ಳಿಗೆ ಮೀಸಲಾಗಿದ್ದ ಈ ಹೆಸರು ಕಾಲಕ್ರಮದಲ್ಲಿ ಕೊಬ್ಬರಿ, ಹರಳು, ಶೇಂಗಾಗಳ ರಸಕ್ಕೂ, ಕಡೆಗೆ ಭೂಗರ್ಭದಿಂದ ಬಂದ ಸೀಮೆಎಣ್ಣೆಗೂ ಹಬ್ಬಿತು. ಭಾಷೆಯಲ್ಲಿ ಇದು ಅರ್ಥವಿಸ್ತಾರ, ದೋಷವಲ್ಲ. ಪ್ರಯೋಗಶಾಲೆಯಲ್ಲಾದರೋ ಹೆಸರನ್ನು ನಂಬಿ ಗುಣವನ್ನು ಮರೆತರೆ ಕೇಡು ತಪ್ಪದು. ವಿದ್ಯುತ್ ಪರೀಕ್ಷೋಪಕರಣಗಳನ್ನು ತಂಪಾಗಿಡುವ ಎಣ್ಣೆಯು ಇದಕ್ಕೆ ತಕ್ಕ ನಿದರ್ಶನ.

ರೇಡಿಯೋ ಪ್ರೇಷಕವನ್ನು ಪರೀಕ್ಷಿಸುವಾಗ ಅದರ ಅಲೆಗಳನ್ನು ಆಕಾಶಕ್ಕೆ ಬಿಡದೆ, ಆಂಟೆನಾದ ಸ್ಥಾನದಲ್ಲಿ ಒಂದು ರೋಧಕವನ್ನು ಜೋಡಿಸಿ ಶಕ್ತಿಯನ್ನೆಲ್ಲ ಶಾಖವಾಗಿಸುವುದುಂಟು. ಇದನ್ನು ‘ಡಮ್ಮಿ ಲೋಡ್’ ಎನ್ನುವರು. ಅಮೆರಿಕದ ಹೀತ್‌ಕಿಟ್ ಸಂಸ್ಥೆಯ ‘ಕ್ಯಾನ್‌ಟೆನಾ’ ಈ ಬಗೆಯ ಪ್ರಸಿದ್ಧ ಉಪಕರಣ. ಬಣ್ಣದ ಡಬ್ಬಿಯಂಥ ಒಂದು ಗ್ಯಾಲನ್ ಪಾತ್ರೆ, ಅದರೊಳಗೆ 50 ಓಮ್‌ಗಳ ರೋಧಕ, ಸುತ್ತಲೂ ಎಣ್ಣೆ. ಇಷ್ಟೇ ಅದರ ರಚನೆ. ಬಿಸಿಯಾದ ಎಣ್ಣೆ ಮೇಲೇರುತ್ತದೆ, ತಂಪಾದುದು ಕೆಳಗಿಳಿಯುತ್ತದೆ. ಹೀಗೆ ಶಾಖವು ಡಬ್ಬಿಯ ಮೈಗೆ ತಲಪಿ ಗಾಳಿಗೆ ಸೇರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡಿ ನೋಡಬೇಕು. ಸುಮಾರು 3.8 ಲೀಟರ್ ಖನಿಜ ಎಣ್ಣೆಗೆ 1 ಕಿಲೋವ್ಯಾಟ್ ಶಕ್ತಿಯನ್ನು ಊಡಿದರೆ, ಹೆಚ್ಚುಕಡಮೆ 6 ಸೆಕೆಂಡಿಗೊಂದು ಡಿಗ್ರಿಯಂತೆ ಕಾವು ಏರುತ್ತದೆ. ಗಾಳಿಗೆ ಹೋಗುವ ಶಾಖವನ್ನು ಬದಿಗಿರಿಸಿದರೆ, 30 ಡಿಗ್ರಿಯಲ್ಲಿದ್ದ ಎಣ್ಣೆ ಹತ್ತು ನಿಮಿಷಗಳಲ್ಲಿ 130 ಡಿಗ್ರಿಯ ಸಮೀಪಕ್ಕೆ ಬರುವುದು. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಆವಿಯು ಕಿಡಿ ತಗಲಿದೊಡನೆ ಹೊತ್ತಿಕೊಳ್ಳುವ ಉಷ್ಣಾಂಶವು ಸುಮಾರು 140 ಡಿಗ್ರಿ. ಆದುದರಿಂದ ಪೂರ್ಣ ಶಕ್ತಿಯನ್ನು ಅಲ್ಪಕಾಲ ಮಾತ್ರ ಕೊಟ್ಟು, ಆರಲು ಬಿಡಬೇಕು. ಅಷ್ಟು ಕಾವಿಗೆ ಎಣ್ಣೆಯು ಕಾಲು ಲೀಟರಿನಷ್ಟು ಉಬ್ಬುವುದರಿಂದ ಡಬ್ಬಿಯನ್ನು ಕಂಠಮಟ್ಟ ತುಂಬಲೂಬಾರದು.

ಹಾಗಾದರೆ ಯಾವ ಎಣ್ಣೆ ಯೋಗ್ಯ? ಅದು ವಿದ್ಯುತ್ತನ್ನು ಹರಿಯಗೊಡಬಾರದು, ತೆಳುವಾಗಿದ್ದು ಸರಾಗವಾಗಿ ಸುತ್ತಬೇಕು, ಸುಲಭವಾಗಿ ಹೊತ್ತಿಕೊಳ್ಳಬಾರದು, ಪದೇ ಪದೇ ಕಾದರೂ ಕೆಡಬಾರದು. ಅಡುಗೆಯ ಎಣ್ಣೆಗಳು ಈ ಕಡೆಯ ಪರೀಕ್ಷೆಯಲ್ಲಿ ಸೋಲುತ್ತವೆ. ಕಾದು ಕಾದು ಅವು ಕಮಟು ಹಿಡಿದು ಅಂಟಾಗುತ್ತವೆ. ಕೊಬ್ಬರಿ ಎಣ್ಣೆಯಂತೂ ಮಾಗಿಯ ಮುಂಜಾನೆ ಹೆಪ್ಪುಗಟ್ಟುವುದನ್ನು ಎಲ್ಲರೂ ಬಲ್ಲರು. ಮೋಟಾರು ಎಂಜಿನ್ನಿನ ಎಣ್ಣೆಯಲ್ಲಿ ಬೇರೆ ರಾಸಾಯನಿಕಗಳು ಬೆರೆತಿರುತ್ತವೆ; ಅದೂ ಸಲ್ಲದು. ತೇವವಿಲ್ಲದ ಹೊಸ ಟ್ರಾನ್ಸ್‌ಫಾರ್ಮರ್ ಎಣ್ಣೆ ಉತ್ತಮ. ಅದು ದೊರೆಯದಿದ್ದರೆ ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಫಿನ್‌ನಲ್ಲಿ ತೆಳುವಾದ ಬಗೆಯೂ ಆದೀತು. 50 ಓಮ್‌ನಲ್ಲಿ 1 ಕಿಲೋವ್ಯಾಟ್ ಎಂದರೆ ಸುಮಾರು 224 ವೋಲ್ಟ್ ಮಾತ್ರ. ಈ ಒತ್ತಡವನ್ನು ಒಣಗಿದ ಖನಿಜ ಎಣ್ಣೆಯು ಲೀಲಾಜಾಲವಾಗಿ ತಡೆಯಬಲ್ಲದು.

ನಿಜವಾದ ಭಯವಿರುವುದು ಹಳೆಯ ಎಣ್ಣೆಯಲ್ಲಿ. ಹಿಂದೆ ವಿದ್ಯುತ್ ಉಪಕರಣಗಳಲ್ಲಿ ಪಿಸಿಬಿ, ಎಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಎಂಬ ದ್ರವವನ್ನು ಬಳಸುತ್ತಿದ್ದರು. ಸುಲಭವಾಗಿ ಉರಿಯದು ಎಂಬುದೇ ಅದರ ಹಿರಿಮೆಯಾಗಿತ್ತು. ಆದರೆ ಅದು ಮಣ್ಣಿನಲ್ಲಿ ಬೇಗ ಕರಗಿಹೋಗದು. ದೇಹದ ಕೊಬ್ಬಿನಲ್ಲಿ ಶೇಖರವಾಗುತ್ತದೆ. 1968ರಲ್ಲಿ ಪಶ್ಚಿಮ ಜಪಾನಿನಲ್ಲಿ, ಅಕ್ಕಿ ತೌಡಿನ ಎಣ್ಣೆಯನ್ನು ಕಾಯಿಸಲು ಕೊಳವೆಯಲ್ಲಿ ಹರಿಸುತ್ತಿದ್ದ ಪಿಸಿಬಿಯು ಸೋರಿ ಆ ಎಣ್ಣೆಗೆ ಬೆರೆಯಿತು. ಅದನ್ನುಂಡ ಸಾವಿರಕ್ಕೂ ಮಿಕ್ಕ ಜನ ಚರ್ಮದ ಬಾವು, ನಿಶ್ಶಕ್ತಿಗಳಿಂದ ನರಳಿದರು. ಆ ವ್ಯಾಧಿಗೆ ಬಂದ ಹೆಸರು ‘ಯುಶೋ’. ಎಣ್ಣೆಯ ರೋಗವೆಂದೇ ಅರ್ಥ. ಅಮೆರಿಕ 1979ರಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಿತು. ಭಾರತ ಸರ್ಕಾರವು 2016ರ ಆದೇಶದಲ್ಲಿ, 2025ರ ಡಿಸೆಂಬರ್ 31ರೊಳಗೆ ಅದರ ಬಳಕೆ ಪೂರ್ತಿ ನಿಲ್ಲಬೇಕೆಂದು ವಿಧಿಸಿತು.

ಶುದ್ಧ ಪಿಸಿಬಿ ನೀರಿನಲ್ಲಿ ಮುಳುಗುತ್ತದೆ, ಖನಿಜ ಎಣ್ಣೆ ತೇಲುತ್ತದೆ. ಹಾಗೆಂದು ತೇಲಿದುದೆಲ್ಲ ನಿರ್ದೋಷಿಯಲ್ಲ. ಖನಿಜ ಎಣ್ಣೆಗೆ ಕೊಂಚ ಪಿಸಿಬಿ ಬೆರೆತಿದ್ದರೂ ಅದು ತೇಲಿಯೇ ತೇಲುವುದು. ಬಣ್ಣ, ವಾಸನೆಗಳಿಂದಲೂ ನಿರ್ಣಯ ಸಾಧ್ಯವಿಲ್ಲ. ಪರೀಕ್ಷಾಲಯದ ವಿಶ್ಲೇಷಣೆಯೊಂದೇ ಪ್ರಮಾಣ.

ವಿದ್ಯಾಶಾಲೆಗಳಿಗೆ ಹಳೆಯ ಉಪಕರಣಗಳು ದಾನವಾಗಿ ಬರುವುದುಂಟು. ದಾನ ಶ್ಲಾಘ್ಯವೇ, ಆದರೆ ಒಳಗಿನ ಎಣ್ಣೆ ಯಾವುದು, ಎಂದು ತುಂಬಿದ್ದು ಎಂಬುದನ್ನು ದಾನಿಗಳು ಬರೆದು ಅಂಟಿಸಿಕೊಟ್ಟರೆ ಆ ದಾನ ಪೂರ್ಣವಾದೀತು. ಚರಿತ್ರೆ ತಿಳಿಯದ ಡಬ್ಬಿಯನ್ನು ಉಪಾಧ್ಯಾಯರು ವಿದ್ಯಾರ್ಥಿಗಳಿಂದ ತೆರೆಸಬಾರದು. ಎಣ್ಣೆಯನ್ನು ಚರಂಡಿಗೆ ಸುರಿಸಬಾರದು, ಒಲೆಗೂ ಹಾಕಬಾರದು. ಸುಟ್ಟ ಪಿಸಿಬಿಯಿಂದ ಇನ್ನೂ ಘೋರವಾದ ವಿಷಗಳು ಹುಟ್ಟುತ್ತವೆ. ಪರೀಕ್ಷೆಯಾಗುವ ತನಕ ಮುಚ್ಚಿ, ಗುರುತು ಬರೆದು, ಬೇರೆಯಾಗಿಡುವುದೇ ಕ್ಷೇಮ.

ಎಳ್ಳಿನಿಂದ ಹೊರಟ ಹೆಸರು ಬಹುದೂರ ಬಂದಿದೆ. ಹೆಸರು ಒಂದೇ ಆದರೂ ವಸ್ತು ಒಂದಲ್ಲ ಎಂಬ ಎಚ್ಚರವು ನಮ್ಮ ಮಕ್ಕಳಲ್ಲಿ ಮೂಡಿದರೆ, ಅದು ಭಾಷೆಯ ಪಾಠವೂ ಹೌದು, ವಿಜ್ಞಾನದ ಪಾಠವೂ ಹೌದು.