ಕುರಿಯ ಮೈಗೆ ವಿಕಿರಣ ಮಾಪಕ: ಬ್ರಿಟನ್ನಿನ ರೈತರ ಅನುಭವ

1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಫೋಟವಾಯಿತು. ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಸೀಸಿಯಂ ಧಾತು ಮೇ ಮೊದಲ ವಾರದ ಮಳೆಯೊಡನೆ ಬ್ರಿಟನ್ನಿನ ಗುಡ್ಡಗಳ ಮೇಲೆ ಬಿದ್ದು, ಹುಲ್ಲಿನ ಮೂಲಕ ಕುರಿಗಳ ಮಾಂಸವನ್ನು ಸೇರಿತು. ಕಿಲೋಗ್ರಾಂ ಮಾಂಸಕ್ಕೆ 1000 ಬೆಕರೆಲ್ ಮಿತಿಯೆಂದು ಗೊತ್ತುಪಡಿಸಿ, ಜೂನ್ ತಿಂಗಳಲ್ಲಿ ಸರ್ಕಾರವು ಕುರಿಗಳ ಸಾಗಣೆ ಹಾಗೂ ವಧೆಯನ್ನು ನಿರ್ಬಂಧಿಸಿತು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕರೆಲ್.

ಅಳೆಯುವ ವಿಧಾನ

ಕುರಿಯನ್ನು ಕೊಲ್ಲದೆಯೇ ಪರೀಕ್ಷಿಸಲು ಕೈಯಲ್ಲಿ ಹಿಡಿಯುವ ಮಾಪಕಗಳನ್ನು ಬಳಸಲಾಯಿತು. ಇವುಗಳಲ್ಲಿರುವ ಸೋಡಿಯಂ ಅಯೋಡೈಡ್ ಹರಳಿಗೆ ಗಾಮಾ ಕಿರಣ ತಾಗಿದಾಗ ಸಣ್ಣ ಬೆಳಕು ಮಿನುಗುತ್ತದೆ. ಉಪಕರಣವು ಈ ಮಿನುಗುಗಳನ್ನು ಎಣಿಸುತ್ತದೆ. ಒಬ್ಬರು ಕುರಿಯನ್ನು ಅಲುಗದಂತೆ ಹಿಡಿದರೆ, ಇನ್ನೊಬ್ಬರು ಮಾಪಕವನ್ನು ಅದರ ಹಿಂಭಾಗದ ಮಾಂಸಖಂಡಕ್ಕೆ ಒತ್ತಿ ಹಿಡಿಯುತ್ತಿದ್ದರು. ಮಿತಿ ಮೀರಿದ ಕುರಿಗೆ ಬಣ್ಣದ ಗುರುತು ಹಾಕಿ, ಅದನ್ನು ವಧೆಗೆ ಬಿಡುತ್ತಿರಲಿಲ್ಲ.

ರೈತರು ಕಂಡದ್ದು

ಒಂದೇ ಕುರಿಗೆ ಮಾಪಕವನ್ನು ಎರಡು ಬಾರಿ ಇಟ್ಟರೆ ಎರಡು ಅಂಕಿ ಬರುವುದುಂಟು. ಕುರಿ ಮಿಸುಕಿದರೆ, ಮಾಪಕ ಜರುಗಿದರೆ ಎಣಿಕೆ ಬದಲಾಗುತ್ತಿತ್ತು. ನೆಲದಲ್ಲಿಯೂ ಸೀಸಿಯಂ ಇದ್ದುದರಿಂದ ಆ ಸ್ಥಳದ ಹಿನ್ನೆಲೆ ಎಣಿಕೆಯನ್ನು ಮೊದಲು ತೆಗೆದು ಕಳೆಯಬೇಕಾಗಿತ್ತು. ಒಂದೇ ಜಮೀನಿನಲ್ಲಿ ಜಾಗದಿಂದ ಜಾಗಕ್ಕೆ ವ್ಯತ್ಯಾಸವಿತ್ತು.

ನಿರ್ಬಂಧವು ಮೂರು ವಾರಗಳಲ್ಲಿ ಮುಗಿಯುವುದೆಂದು ಮೊದಲು ಹೇಳಲಾಗಿತ್ತು. ಆದರೆ ಮಾಪಕದ ಅಂಕಿ ಇಳಿಯಲಿಲ್ಲ. ಜೇಡಿಮಣ್ಣು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದಿಡುತ್ತದೆ. ಲೆಕ್ಕಾಚಾರ ನಡೆದದ್ದು ಅಂಥ ಮಣ್ಣನ್ನು ಆಧರಿಸಿ. ಗುಡ್ಡದ ಮಣ್ಣಾದರೋ ಹುಳಿ ಗುಣದ್ದು, ಕೊಳೆತ ಸಸ್ಯಾಂಶದಿಂದ ತುಂಬಿದ್ದು. ಅಲ್ಲಿ ಸೀಸಿಯಂ ವರ್ಷ ವರ್ಷವೂ ಬೇರಿನ ಮೂಲಕ ಹುಲ್ಲಿಗೆ ಏರುತ್ತಿತ್ತು. ಕುರಿಗಳನ್ನು ತಗ್ಗಿನ ಹುಲ್ಲುಗಾವಲಿಗೆ ಇಳಿಸಿದಾಗ ಮಾತ್ರ ಕೆಲವು ವಾರಗಳಲ್ಲಿ ಅಂಕಿ ತಗ್ಗುತ್ತಿತ್ತು. ಕಂಬ್ರಿಯ ಮತ್ತು ಉತ್ತರ ವೇಲ್ಸ್‌ನ ಕೊನೆಯ ನಿರ್ಬಂಧಗಳು ತೆರವಾದದ್ದು 2012ರ ಜೂನ್‌ನಲ್ಲಿ, 26 ವರ್ಷಗಳ ಬಳಿಕ.

ಗಮನಿಸಬೇಕಾದ ಅಂಶಗಳು

1. ಕೈಮಾಪಕದ ಒಂದೇ ಅಂಕಿಯನ್ನು ನಂಬಬಾರದು. ಹಲವು ಬಾರಿ ಅಳೆದು ಸರಾಸರಿ ತೆಗೆಯಬೇಕು.

2. ಹಿನ್ನೆಲೆ ಎಣಿಕೆಯನ್ನು ಅದೇ ಸ್ಥಳದಲ್ಲಿ ತೆಗೆಯಬೇಕು.

3. ಮಾಪಕವನ್ನು ಪ್ರತಿಬಾರಿಯೂ ಒಂದೇ ಭಾಗಕ್ಕೆ, ಒಂದೇ ರೀತಿ ಹಿಡಿಯಬೇಕು.

4. ಅಂಕಿಯ ಜೊತೆಗೆ ಮಣ್ಣಿನ ಗುಣ, ಮೇವು, ಮೇಯಿಸಿದ ಜಾಗ ಇವನ್ನೂ ಬರೆದಿಡಬೇಕು. ಇವನ್ನು ಚೆನ್ನಾಗಿ ಬಲ್ಲವನು ಆ ಜಮೀನಿನ ರೈತನೇ ಆದ್ದರಿಂದ, ಅಳೆಯಲು ಬಂದವರು ಮೊದಲು ಅವನನ್ನು ವಿಚಾರಿಸುವುದು ಒಳ್ಳೆಯದು.