ವಿಮಾನ ಮಾರ್ಗ ಉಳಿಯುವುದು ಹೇಗೆ? ಬೆಳಗಾವಿ ನಿಲ್ದಾಣದ ಪ್ರಯಾಣಿಕ ಸಂಚಾರದ ಒಂದು ವಿಶ್ಲೇಷಣೆ

ಅಂಗಡಿಯಲ್ಲಿ ಗಿರಾಕಿಗಳ ಗದ್ದಲವಿದ್ದ ಮಾತ್ರಕ್ಕೆ ವರ್ಷಾಂತ್ಯದಲ್ಲಿ ಲಾಭ ಕಾಣುತ್ತದೆಂಬ ಭರವಸೆಯಿಲ್ಲ. ವಹಿವಾಟು ಬೇರೆ, ಲಾಭ ಬೇರೆ ಎಂಬುದು ಪ್ರತಿಯೊಬ್ಬ ವರ್ತಕನಿಗೂ ಅನುಭವದಿಂದ ತಿಳಿದ ಸಂಗತಿ. ಆದರೆ ಊರಿನ ವಿಮಾನ ನಿಲ್ದಾಣದ ವಿಷಯ ಬಂದಾಗ ಈ ತಿಳಿವಳಿಕೆ ಹಿಂದೆ ಸರಿಯುತ್ತದೆ. ಈ ತಿಂಗಳು ಇಷ್ಟು ಸಾವಿರ ಪ್ರಯಾಣಿಕರು ಸಂಚರಿಸಿದರೆಂದು ಪತ್ರಿಕೆಯಲ್ಲಿ ಓದಿ ಸಂತೋಷಪಡುತ್ತೇವೆ. ಕೆಲವೇ ವಾರಗಳ ನಂತರ ಅದೇ ನಿಲ್ದಾಣದ ಒಂದು ಮಾರ್ಗ ರದ್ದಾದ ಸುದ್ದಿ ಬಂದಾಗ ಅಚ್ಚರಿಪಡುತ್ತೇವೆ. ವಾಸ್ತವದಲ್ಲಿ ಇದರಲ್ಲಿ ಅಚ್ಚರಿಯೇನೂ ಇಲ್ಲ. ನಿಲ್ದಾಣದ ಒಟ್ಟು ಸಂಖ್ಯೆ ಒಂದು ಲೆಕ್ಕ. ಒಂದೊಂದು ಮಾರ್ಗದ ಆದಾಯ ಮತ್ತು ವೆಚ್ಚ ಇನ್ನೊಂದು ಲೆಕ್ಕ. ವಿಮಾನ ಉಳಿಯುವುದೋ ಹೋಗುವುದೋ ನಿರ್ಧಾರವಾಗುವುದು ಎರಡನೆಯ ಲೆಕ್ಕದಿಂದ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಇತಿಹಾಸ ಇದಕ್ಕೆ ಉತ್ತಮ ಉದಾಹರಣೆಯಾಗಿದೆ.

ಅಂಕಿಗಳನ್ನು ಓದುವ ಕ್ರಮ

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಪ್ರತಿ ತಿಂಗಳು ಪ್ರತಿಯೊಂದು ನಿಲ್ದಾಣದ ಪ್ರಯಾಣಿಕರ ಸಂಖ್ಯೆ, ವಿಮಾನಗಳ ಆಗಮನ ನಿರ್ಗಮನ ಹಾಗೂ ಸರಕಿನ ಪ್ರಮಾಣವನ್ನು ಪ್ರಕಟಿಸುತ್ತದೆ. ಪ್ರಯಾಣಿಕರ ಸಂಖ್ಯೆಯಲ್ಲಿ ಹತ್ತಿದವರೂ ಇಳಿದವರೂ ಸೇರಿರುತ್ತಾರೆ. ಬೆಳಗಾವಿಯಿಂದ ಹೋಗಿ ಮರಳಿ ಬಂದ ಒಬ್ಬ ವ್ಯಾಪಾರಿ ಈ ಲೆಕ್ಕದಲ್ಲಿ ಇಬ್ಬರು. ಆದ್ದರಿಂದ ಒಂದು ಲಕ್ಷ ಪ್ರಯಾಣಿಕರೆಂದರೆ ಒಂದು ಲಕ್ಷ ವ್ಯಕ್ತಿಗಳಲ್ಲ. ಸುಮಾರು ಐವತ್ತು ಸಾವಿರ ಹೋಗಿಬರುವ ಪ್ರಯಾಣಗಳು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರತ್ಯೇಕವಾಗಿ ಎರಡು ಊರುಗಳ ನಡುವಿನ ಮಾಸಿಕ ಪ್ರಯಾಣಿಕರ ಸಂಖ್ಯೆಯನ್ನು ಪ್ರಕಟಿಸುತ್ತದೆ. ವರ್ತಕರಿಗೆ ಹೆಚ್ಚು ಉಪಯುಕ್ತವಾದದ್ದು ಈ ಎರಡನೆಯ ಪಟ್ಟಿ. ಒಂದು ಮಾರ್ಗದ ಪ್ರಯಾಣಿಕರನ್ನು ಆ ತಿಂಗಳು ಲಭ್ಯವಿದ್ದ ಒಟ್ಟು ಆಸನಗಳಿಂದ ಭಾಗಿಸಿದರೆ ಆಸನ ಭರ್ತಿಯ ಪ್ರಮಾಣ ಸಿಗುತ್ತದೆ. ನಿಲ್ದಾಣದ ಒಟ್ಟು ಸಂಖ್ಯೆ ಏರುತ್ತಿದ್ದರೂ ಒಂದು ಮಾರ್ಗದ ಭರ್ತಿ ಸತತವಾಗಿ ಇಳಿಯುತ್ತಿದ್ದರೆ ಆ ಮಾರ್ಗಕ್ಕೆ ಕಾಯಿಲೆ ತಗಲಿದೆಯೆಂದೇ ತಿಳಿಯಬೇಕು.

ಸಾಂಬ್ರಾದ ಏಳುಬೀಳುಗಳು

ಸಾಂಬ್ರಾ ನಿಲ್ದಾಣವು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆಯಿಂದ ನಿರ್ಮಾಣವಾದುದು. ಉತ್ತರ ಕರ್ನಾಟಕದ ಅತ್ಯಂತ ಹಳೆಯ ವಿಮಾನ ನಿಲ್ದಾಣವೆಂಬ ಹೆಗ್ಗಳಿಕೆ ಇದರದು. ನಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಈ ನಿಲ್ದಾಣದ ಹೊಸ ಕಟ್ಟಡ 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನೂರು ಕಿಲೋಮೀಟರ್ ಒಳಗಿನ ಹುಬ್ಬಳ್ಳಿಯಲ್ಲಿಯೂ ಮೇಲ್ದರ್ಜೆಗೇರಿದ ನಿಲ್ದಾಣ ಸಿದ್ಧವಾಯಿತು.

ಮುಂದಿನ ವರ್ಷವೇ ಮೊದಲ ಪಾಠ ದೊರೆಯಿತು. 2018ರಲ್ಲಿ ಹುಬ್ಬಳ್ಳಿಯು ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಎರಡನೆಯ ಸುತ್ತಿನಲ್ಲಿ ಸೇರಿತು, ಬೆಳಗಾವಿ ಸೇರಿರಲಿಲ್ಲ. ಬೆಳಗಾವಿಯಿಂದ ಹಾರುತ್ತಿದ್ದ ಸ್ಪೈಸ್‌ಜೆಟ್ ಸಂಸ್ಥೆ ತನ್ನ ಸೇವೆಗಳನ್ನು ಹುಬ್ಬಳ್ಳಿಗೆ ಸ್ಥಳಾಂತರಿಸಿತು. ಬೆಳಗಾವಿಯ ಪ್ರಯಾಣಿಕರು ಒಂದೇ ತಿಂಗಳಲ್ಲಿ ಮಾಯವಾಗಿರಲಿಲ್ಲ. ಬದಲಾದದ್ದು ವಿಮಾನ ಸಂಸ್ಥೆಯ ಲಾಭನಷ್ಟದ ಲೆಕ್ಕ.

2019ರ ಜನವರಿಯಲ್ಲಿ ಉಡಾನ್‌ನ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೆ ಮಾರ್ಗಗಳು ಮಂಜೂರಾದವು. ಚಿತ್ರ ತಿರುಗುಮುರುಗಾಯಿತು. ಹೈದರಾಬಾದ್, ಮುಂಬಯಿ, ಅಹಮದಾಬಾದ್, ಇಂದೋರ್, ತಿರುಪತಿ, ಮೈಸೂರು, ನಾಸಿಕ್, ಸೂರತ್, ಜೋಧಪುರ ಮುಂತಾದ ಊರುಗಳಿಗೆ ಒಂದರ ಹಿಂದೊಂದು ವಿಮಾನಗಳು ಆರಂಭವಾದವು. 2020ರಲ್ಲಿ ಕೋವಿಡ್ ನಿರ್ಬಂಧ ಸಡಿಲವಾದ ನಂತರದ ಕೆಲವು ತಿಂಗಳುಗಳಲ್ಲಿ ಬೆಳಗಾವಿಯು ಪ್ರಯಾಣಿಕರ ಸಂಖ್ಯೆಯಲ್ಲಿ ಹುಬ್ಬಳ್ಳಿಯನ್ನೂ ಹಿಂದಿಕ್ಕಿತು. ಆದರೆ ಈ ಏರಿಕೆಯ ಹಿಂದೆ ಅನುದಾನದ ಆಸರೆಯಿತ್ತು. ಆ ಆಸರೆಗೆ ನಿಗದಿತ ಅವಧಿಯೂ ಇತ್ತು. 2022ರಲ್ಲಿ ಟ್ರೂಜೆಟ್ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಮಾರ್ಗಗಳ ಪಟ್ಟಿ ಕ್ರಮೇಣ ಚಿಕ್ಕದಾಯಿತು.

ಉಡಾನ್ ಅನುದಾನದ ಸ್ವರೂಪ

ಉಡಾನ್ ಎಂದು ಹೆಸರಾದ ಪ್ರಾದೇಶಿಕ ಸಂಪರ್ಕ ಯೋಜನೆ 2016ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿ, ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾ ಹಾಗೂ ದೆಹಲಿ ನಡುವೆ ಹಾರಿತು. ಇದರ ಮುಖ್ಯ ಅಂಶಗಳು ಹೀಗಿವೆ:

1. ವಿಮಾನದ ಅರ್ಧದಷ್ಟು ಆಸನಗಳನ್ನು, ಕನಿಷ್ಠ 9 ಮತ್ತು ಗರಿಷ್ಠ 40ರ ಮಿತಿಯಲ್ಲಿ, ನಿಗದಿತ ಗರಿಷ್ಠ ದರದಲ್ಲಿ ಮಾರಬೇಕು. ಆರಂಭದಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಈ ದರ 2,500 ರೂಪಾಯಿ ಆಗಿತ್ತು.

2. ಈ ಆಸನಗಳ ಮೇಲಿನ ಕೊರತೆಯನ್ನು ತುಂಬಲು ನಷ್ಟಭರ್ತಿ ಅನುದಾನ ದೊರೆಯುತ್ತದೆ. ಸಾಮಾನ್ಯವಾಗಿ ಇದರ ಶೇಕಡಾ 80 ಭಾಗ ಕೇಂದ್ರದ ನಿಧಿಯಿಂದಲೂ ಶೇಕಡಾ 20 ಭಾಗ ರಾಜ್ಯ ಸರ್ಕಾರದಿಂದಲೂ ಬರುತ್ತದೆ.

3. ಅನುದಾನದ ಅವಧಿ ಮೂರು ವರ್ಷ. ಆ ಅವಧಿಯಲ್ಲಿ ಮಾರ್ಗದ ಮೇಲೆ ಆ ಸಂಸ್ಥೆಗೆ ಏಕಸ್ವಾಮ್ಯದ ಹಕ್ಕೂ ಇರುತ್ತದೆ.

4. ಇಂಧನದ ಮೇಲಿನ ತೆರಿಗೆಯಲ್ಲಿ ರಿಯಾಯಿತಿ ಹಾಗೂ ನಿಲ್ದಾಣದ ಇಳಿತಾಣ ಶುಲ್ಕದಲ್ಲಿ ವಿನಾಯಿತಿಗಳಿವೆ.

ಮೂರು ವರ್ಷಗಳಲ್ಲಿ ಜನರಿಗೆ ಅಭ್ಯಾಸವಾಗಿ ಮಾರ್ಗವು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂಬುದು ಯೋಜನೆಯ ಆಶಯ. ಆಶಯ ಎಷ್ಟರಮಟ್ಟಿಗೆ ಈಡೇರಿತು ಎಂಬುದನ್ನು 2023ರಲ್ಲಿ ಸಂಸತ್ತಿಗೆ ಸಲ್ಲಿಕೆಯಾದ ಮಹಾಲೇಖಪಾಲರ ವರದಿ ನಿಷ್ಠುರವಾಗಿ ಹೇಳುತ್ತದೆ. ಮೂರನೆಯ ಸುತ್ತಿನವರೆಗೆ ಮಂಜೂರಾದ ಮಾರ್ಗಗಳು 774. ಆರಂಭವಾದವು 371. ಮೂರು ವರ್ಷ ಪೂರೈಸಿದವು 112. ಮೂರು ವರ್ಷಗಳ ನಂತರವೂ 2023ರ ಮಾರ್ಚ್ ವೇಳೆಗೆ ಉಳಿದವು 54. ಮಂಜೂರಾದ ನೂರು ಮಾರ್ಗಗಳಲ್ಲಿ ಸ್ವಂತ ಬಲದಿಂದ ನಿಂತವು ಏಳು ಮಾತ್ರ.

ನಮ್ಮ ರಾಜ್ಯದಲ್ಲಿಯೇ ಬೀದರ್‌ನ ಉದಾಹರಣೆಯಿದೆ. 2020ರ ಫೆಬ್ರುವರಿಯಲ್ಲಿ ಆರಂಭವಾದ ಅಲ್ಲಿಯ ವಿಮಾನ ಸೇವೆ 2023ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಏಪ್ರಿಲ್‌ನಲ್ಲಿ ಪುನರಾರಂಭವಾದದ್ದು ರಾಜ್ಯ ಸರ್ಕಾರದ ನೆರವಿನಿಂದ.

ಒಂದು ಹಾರಾಟದ ಲಾಭನಷ್ಟ

ಅನುದಾನ ಮುಗಿದಾಗ ನಡೆಯುವುದೇನೆಂಬುದನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು. ಕೆಳಗಿನ ಮೊತ್ತಗಳು ಯಾವುದೇ ಸಂಸ್ಥೆಯ ನೈಜ ಅಂಕಿಗಳಲ್ಲ, ವಿವರಣೆಗಾಗಿ ಊಹಿಸಿಕೊಂಡವು.

ವಿಮಾನದ ಆಸನಗಳು 50 ಎಂದಿರಲಿ. ಇಂಧನ, ವಿಮಾನದ ಬಾಡಿಗೆ, ಸಿಬ್ಬಂದಿ, ನಿರ್ವಹಣೆ ಎಲ್ಲ ಸೇರಿ ಒಂದು ಬದಿಯ ಹಾರಾಟದ ವೆಚ್ಚ 1,80,000 ರೂಪಾಯಿ. ಪ್ರಯಾಣಿಕ ಕೊಡುವ ಸರಾಸರಿ ಹಣ 5,000 ರೂಪಾಯಿ. ಇದರಲ್ಲಿ ಜಿಎಸ್‌ಟಿ ಮತ್ತು ನಿಲ್ದಾಣದ ಶುಲ್ಕಗಳನ್ನು ಕಳೆದು ಸಂಸ್ಥೆಗೆ ಉಳಿಯುವುದು 4,500 ರೂಪಾಯಿ. ಟಿಕೆಟಿನ ಮೇಲೆ ಮುದ್ರಿತವಾದ ಮೊತ್ತವೆಲ್ಲ ವಿಮಾನ ಸಂಸ್ಥೆಯ ಆದಾಯವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ವೆಚ್ಚ ಸರಿದೂಗಲು ಬೇಕಾದ ಪ್ರಯಾಣಿಕರು 40, ಅಂದರೆ ಶೇಕಡಾ 80 ಭರ್ತಿ. ನಿಜವಾಗಿ ಬರುವವರು 35 ಎಂದು ಭಾವಿಸಿದರೆ ಆದಾಯ 1,57,500 ರೂಪಾಯಿ; ಕೊರತೆ 22,500 ರೂಪಾಯಿ. ಅನುದಾನವಿರುವಾಗ 25 ಆಸನಗಳಿಗೆ ತಲಾ 1,000 ರೂಪಾಯಿಯಂತೆ 25,000 ರೂಪಾಯಿ ಬಂದರೆ, ಕೊರತೆ ತುಂಬಿ 2,500 ರೂಪಾಯಿ ಮಿಗುತ್ತದೆ. ಮೂರು ವರ್ಷ ಕಳೆದ ಮರುದಿನ ಅದೇ ವಿಮಾನ, ಅದೇ 35 ಪ್ರಯಾಣಿಕರು. ಆದರೆ ಹಾರಾಟವೊಂದಕ್ಕೆ 22,500 ರೂಪಾಯಿ ನಷ್ಟ. ದಿನಕ್ಕೆ ಒಮ್ಮೆ ಹೋಗಿ ಬಂದರೆ 45,000. ಮೂವತ್ತು ದಿನಗಳಿಗೆ 13,50,000 ರೂಪಾಯಿ.

ನಿಲ್ದಾಣದ ಅಂಕಿ ಅಂಶಗಳಲ್ಲಿ ಈ ಬದಲಾವಣೆ ಕಾಣುವುದೇ ಇಲ್ಲ. ಪ್ರಯಾಣಿಕರ ಸಂಖ್ಯೆ ಹಿಂದಿನ ತಿಂಗಳಷ್ಟೇ ಇರುತ್ತದೆ. ಕಾಣುವುದು ವಿಮಾನ ಸಂಸ್ಥೆಯ ಖಾತೆಯಲ್ಲಿ ಮಾತ್ರ. ವಿಮಾನವು ಚಲಿಸುವ ಆಸ್ತಿ. ಬೇರೊಂದು ಮಾರ್ಗದಲ್ಲಿ ಹೆಚ್ಚು ಗಳಿಕೆ ಇದ್ದರೆ ಅದನ್ನು ಅಲ್ಲಿಗೆ ಒಯ್ಯಲು ಒಂದು ವೇಳಾಪಟ್ಟಿಯ ಬದಲಾವಣೆ ಸಾಕು. ಎರಕದ ಕುಲುಮೆಯನ್ನು ಹಾಗೆ ಒಯ್ಯಲಾಗದು.

ಇದೇ ಲೆಕ್ಕದಲ್ಲಿ ಒಂದು ಆಶಾದಾಯಕ ಅಂಶವೂ ಇದೆ. 22,500 ರೂಪಾಯಿಯ ಕೊರತೆಯೆಂದರೆ ಐದು ಪ್ರಯಾಣಿಕರು. ಮಾರ್ಗದ ಅಳಿವು ಉಳಿವಿನ ನಡುವಿನ ಅಂತರ ಅನೇಕ ವೇಳೆ ಇಷ್ಟೇ ಇರುತ್ತದೆ. ದಿನದ ಎರಡೂ ಹಾರಾಟ ಸೇರಿ ತಿಂಗಳಿಗೆ 300 ಆಸನಗಳು. ಅಂದರೆ 75 ಉದ್ದಿಮೆಗಳು ತಿಂಗಳಿಗೆ ತಲಾ ಎರಡು ಸಲ ಹೆಚ್ಚುವರಿಯಾಗಿ ಹೋಗಿಬರುವಷ್ಟು ಪ್ರಯಾಣ.

ಐದು ಪ್ರಯಾಣಿಕರು ಎಲ್ಲಿದ್ದಾರೆ?

ಅವರು ಬಹುಪಾಲು ಬೇರೆ ದಾರಿಗಳಲ್ಲಿದ್ದಾರೆ. ಬೆಳಗಾವಿಯ ಸುತ್ತ ಹುಬ್ಬಳ್ಳಿ, ಕೊಲ್ಹಾಪುರ ಮತ್ತು ಗೋವೆಯ ನಿಲ್ದಾಣಗಳಿವೆ. ಗೋವೆಯಲ್ಲಿ ದಾಬೋಲಿಮ್ ಜೊತೆಗೆ 2023ರ ಜನವರಿಯಿಂದ ಮೋಪಾ ನಿಲ್ದಾಣವೂ ಕಾರ್ಯಾರಂಭ ಮಾಡಿದೆ. ಹೆಚ್ಚು ವಿಮಾನ, ಅನುಕೂಲ ವೇಳೆ, ಕಡಿಮೆ ದರ ಇರುವೆಡೆಗೆ ಪ್ರಯಾಣಿಕ ಕಾರು ಹತ್ತಿ ಹೋಗುತ್ತಾನೆ. ಬೆಂಗಳೂರಿಗೆ ರಾತ್ರಿಯ ಮಲಗುವ ಬಸ್ಸುಗಳು ಹಿಂದಿನಿಂದಲೂ ಇವೆ. 2025ರ ಆಗಸ್ಟ್ 10ರಿಂದ ಬೆಳಗಾವಿ ಹಾಗೂ ಬೆಂಗಳೂರು ನಡುವೆ ವಂದೇ ಭಾರತ್ ರೈಲೂ ಬಂದಿದೆ.

ಆದ್ದರಿಂದ ಎಲ್ಲ ಮಾರ್ಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಂಗಳೂರಿನ ಮಾರ್ಗಕ್ಕೆ ರೈಲು ಮತ್ತು ಬಸ್ಸಿನ ಪೈಪೋಟಿಯಿದೆ; ಅಲ್ಲಿ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮರಳುವ ವೇಳಾಪಟ್ಟಿಯೇ ಜೀವ. ವೇಳೆ ನಡುಮಧ್ಯಾಹ್ನಕ್ಕೆ ಜಾರಿದರೆ ವ್ಯಾಪಾರಿಗೆ ಒಂದು ದಿನದ ಕೆಲಸ ಎರಡು ದಿನವಾಗುತ್ತದೆ, ಆತ ಬಸ್ಸಿಗೆ ಮರಳುತ್ತಾನೆ. 2023ರ ಅಕ್ಟೋಬರ್‌ನಲ್ಲಿ ಇಂಡಿಗೋ ಆರಂಭಿಸಿದ ದೆಹಲಿ ಮಾರ್ಗದಂತಹ ದೂರದ ಹಾದಿಗಳಲ್ಲಿ ರೈಲು, ಬಸ್ಸುಗಳು ಸರಿಸಾಟಿಯಲ್ಲ. ಅಲ್ಲಿ ಪೈಪೋಟಿ ಪಕ್ಕದ ನಿಲ್ದಾಣಗಳದು. ಅಹಮದಾಬಾದ್, ಇಂದೋರ್‌ನಂತಹ ಮಾರ್ಗಗಳಿಗೆ ಆಧಾರ ವ್ಯಾಪಾರ ಸಂಬಂಧ. ವಾರಕ್ಕೆ ಕೆಲವೇ ದಿನ ಹಾರುವ ಸೇವೆಯನ್ನು ನಂಬಿ ವ್ಯಾಪಾರದ ಭೇಟಿ ನಿಗದಿಪಡಿಸುವುದು ಕಷ್ಟ. ಭೇಟಿ ನಿಗದಿಯಾಗದಿದ್ದರೆ ಆಸನ ತುಂಬುವುದಿಲ್ಲ. ಆಸನ ತುಂಬದಿದ್ದರೆ ದಿನಗಳು ಹೆಚ್ಚುವುದಿಲ್ಲ.

ಉದ್ಯಮಬಾಗ್ ಮತ್ತು ಮಚ್ಛೆಯ ಎರಕದ ಕಾರ್ಖಾನೆಗಳಿಗೆ, ಹೈಡ್ರಾಲಿಕ್ ಬಿಡಿಭಾಗಗಳ ತಯಾರಕರಿಗೆ, ಹತ್ತರಗಿಯ ವೈಮಾನಿಕ ಬಿಡಿಭಾಗಗಳ ಘಟಕಗಳಿಗೆ ಇದು ಗೌಣ ವಿಷಯವಲ್ಲ. ಹೊರಗಿನ ಖರೀದಿದಾರನ ತಪಾಸಣಾಧಿಕಾರಿ ಒಂದೇ ದಿನದಲ್ಲಿ ಬಂದು ಹೋಗಬಹುದಾದ ಊರಿಗೂ, ಎರಡು ರಾತ್ರಿ ಕಳೆಯಬೇಕಾದ ಊರಿಗೂ ಆದೇಶ ಪಡೆಯುವಲ್ಲಿ ವ್ಯತ್ಯಾಸವಿದೆ. ದೊಡ್ಡ ಉದ್ದಿಮೆ ಗೋವೆಗೆ ಕಾರು ಕಳುಹಿಸಿ ಅತಿಥಿಯನ್ನು ಕರೆತರಬಲ್ಲದು. ಸಣ್ಣ ಉದ್ದಿಮೆಗೆ ಆ ಖರ್ಚೂ ಹೊರೆ, ಆ ಸಮಯವೂ ಹೊರೆ.

ವಾಣಿಜ್ಯ ಸಮುದಾಯ ಮಾಡಬಹುದಾದುದು

ಮೊದಲನೆಯದಾಗಿ, ಮಾರ್ಗವಾರು ಅಂಕಿಗಳನ್ನು ಪ್ರತಿ ತಿಂಗಳು ದಾಖಲಿಸಿ, ಅನುದಾನದ ಅವಧಿ ಮುಗಿಯುವ ದಿನಾಂಕವನ್ನು ಮುಂಚಿತವಾಗಿ ತಿಳಿದಿರಬೇಕು. ಮಾರ್ಗ ರದ್ದಾದ ನಂತರ ಮನವಿ ಸಲ್ಲಿಸುವುದಕ್ಕಿಂತ ಅವಧಿ ಮುಗಿಯಲು ಆರು ತಿಂಗಳಿರುವಾಗ ಮಾತುಕತೆ ನಡೆಸುವುದು ಫಲಕಾರಿ.

ಎರಡನೆಯದಾಗಿ, ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ, ಬದಲಾಗುತ್ತದೆ. ಅದರ ಸಿದ್ಧತೆ ತಿಂಗಳುಗಳ ಮೊದಲೇ ನಡೆಯುವುದರಿಂದ ವೇಳೆಯ ಕುರಿತ ಬೇಡಿಕೆಗಳು ಆಗಲೇ ತಲುಪಬೇಕು. ಬೇಡಿಕೆಯ ಜೊತೆಗೆ ಸದಸ್ಯರ ಪ್ರಯಾಣದ ಲೆಕ್ಕವೂ ಇರಬೇಕು: ಯಾವ ಊರಿಗೆ, ತಿಂಗಳಿಗೆ ಎಷ್ಟು ಸಲ, ಈಗ ಯಾವ ದಾರಿಯಲ್ಲಿ. ವಿಮಾನ ಸಂಸ್ಥೆಯ ಮುಂದೆ ಭಾವನೆಗಿಂತ ಪಟ್ಟಿಗೆ ಬೆಲೆ ಹೆಚ್ಚು.

ಮೂರನೆಯದಾಗಿ, ಸದಸ್ಯರು ವ್ಯವಹಾರದ ಪ್ರಯಾಣದ ಟಿಕೆಟನ್ನು ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಿಸಿ ಖರೀದಿಸಬೇಕು. ಇಕಾನಮಿ ದರ್ಜೆಯ ಟಿಕೆಟಿನ ಮೇಲಿನ ಶೇಕಡಾ 5 ತೆರಿಗೆಯನ್ನು, ಪ್ರಯಾಣ ವ್ಯವಹಾರಕ್ಕಾಗಿಯೇ ಆಗಿದ್ದರೆ, ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ವಿಮಾನ ಸಂಸ್ಥೆಯಿಂದ ತೆರಿಗೆ ಬೀಜಕ ಪಡೆದು, ಅದು ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬಂದಿದೆಯೇ ಎಂದು ಪರಿಶೀಲಿಸಬೇಕು. ಅನೇಕರು ವೈಯಕ್ತಿಕ ಹೆಸರಿನಲ್ಲಿ ಟಿಕೆಟ್ ಕೊಂಡು ಈ ಜಮೆಯನ್ನು ಕಳೆದುಕೊಳ್ಳುತ್ತಿದ್ದಾರೆ.

ನಾಲ್ಕನೆಯದಾಗಿ, ಊರಿನ ಕಾರಿನ ಖರ್ಚು, ಸುಂಕ, ವ್ಯಯವಾದ ಗಂಟೆಗಳನ್ನು ಸೇರಿಸಿ ನೆರೆಯ ನಿಲ್ದಾಣದ ಅಗ್ಗದ ಟಿಕೆಟ್ ನಿಜವಾಗಿಯೂ ಅಗ್ಗವೇ ಎಂದು ಪ್ರತಿಯೊಂದು ಉದ್ದಿಮೆಯೂ ಒಮ್ಮೆ ಲೆಕ್ಕಹಾಕಬೇಕು. ಕೆಲವು ಸಲ ಅಗ್ಗವೇ ಇರಬಹುದು. ಆದರೆ ಲೆಕ್ಕಹಾಕದೆ ಹೋಗುವವರೇ ಹೆಚ್ಚು.

2025ರ ಕೇಂದ್ರ ಮುಂಗಡಪತ್ರದಲ್ಲಿ ಉಡಾನ್ ಯೋಜನೆಯನ್ನು ಮಾರ್ಪಡಿಸಿ, ಹತ್ತು ವರ್ಷಗಳಲ್ಲಿ 120 ಹೊಸ ಸ್ಥಳಗಳಿಗೆ ಸಂಪರ್ಕ ಕಲ್ಪಿಸುವ ಗುರಿ ಪ್ರಕಟವಾಯಿತು. ಹೊಸ ಊರುಗಳು ಸೇರುತ್ತವೆ, ಹೊಸ ಅನುದಾನಗಳು ಬರುತ್ತವೆ, ವಿಮಾನಗಳಿಗೆ ಬೇಡಿಕೆಯೂ ಹೆಚ್ಚುತ್ತದೆ. ಅನುದಾನವೆಂಬುದು ವ್ಯಾಪಾರ ಆರಂಭಕ್ಕೆ ಸಿಗುವ ಕೈಗಡದಂತೆ. ಅದನ್ನೇ ಲಾಭವೆಂದು ಭಾವಿಸಿದ ಅಂಗಡಿ ಬಹುಕಾಲ ಬಾಗಿಲು ತೆರೆದಿರದು. 2018ರಲ್ಲಿ ಒಮ್ಮೆ ವಿಮಾನಗಳನ್ನು ಕಳೆದುಕೊಂಡ ಬೆಳಗಾವಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಹಾರಾಟದಲ್ಲಿ ಖಾಲಿ ಉಳಿಯುವ ಆ ಐದು ಆಸನಗಳ ಮೇಲೆ ವಾಣಿಜ್ಯ ಸಮುದಾಯ ಗಮನವಿಟ್ಟರೆ, ಉಳಿದ ಮಾರ್ಗಗಳನ್ನಾದರೂ ಉಳಿಸಿಕೊಳ್ಳುವುದು ಸಾಧ್ಯ.