ಮಂತ್ರಜಪವೂ ದೇಹಾರೋಗ್ಯವೂ

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ವೈದ್ಯರಿಗೆ ಹೇಳಿಕಳುಹಿಸುವುದು ಎಷ್ಟು ಸಹಜವೋ, ಹಿರಿಯರೊಬ್ಬರು ರೋಗಿಯ ತಲೆದಿಂಬಿನ ಬಳಿ ಕುಳಿತು ಮೆಲುದನಿಯಲ್ಲಿ ಒಂದು ನಾಮವನ್ನೋ ಸ್ತೋತ್ರವನ್ನೋ ಹೇಳತೊಡಗುವುದೂ ನಮ್ಮ ಸಂಸಾರಗಳಲ್ಲಿ ಅಷ್ಟೇ ಸಹಜ. ಇದರಿಂದ ಗುಣವೇನಾದರೂ ಉಂಟೆ? ಉಂಟಾದರೆ ಅದು ಯಾವ ಬಗೆಯದು, ಎಷ್ಟರಮಟ್ಟಿನದು? ಈ ಪ್ರಶ್ನೆಗೆ ಎರಡು ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಮಂತ್ರದಿಂದ ಸಕಲ ರೋಗಗಳೂ ಪರಿಹಾರವಾಗುವುವೆಂದು ಒಬ್ಬರು ಹೇಳುವರು. ಅದೆಲ್ಲ ಬರಿಯ ತುಟಿಯ ಅಲುಗಾಟವೆಂದು ಇನ್ನೊಬ್ಬರು. ಎರಡೂ ವಿಚಾರಮಾಡದವರ ಉತ್ತರಗಳೆಂದು ನನಗೆ ತೋರುತ್ತದೆ. ಯೋಗಶಾಸ್ತ್ರವು ಹೇಳಿರುವುದು ಬೇರೆಯೇ ಇದೆ. ಅದನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಜಪವು ನಡೆದುಬಂದಿರುವ ರೀತಿಯೊಡನೆ ಸೇರಿಸಿ ನೋಡುವುದು ಈ ಲೇಖನದ ಉದ್ದೇಶ.

ಯೋಗವೆಂದೊಡನೆ ಈ ಕಾಲದವರ ಕಣ್ಣಮುಂದೆ ನಿಲ್ಲುವುದು ಆಸನಗಳು. ಅದಕ್ಕೆ ಕಾರಣ ದೂರದಲ್ಲಿಲ್ಲ. ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದ ತಿರುಮಲೆ ಕೃಷ್ಣಮಾಚಾರ್ಯರು ಮರುವರ್ಷವೇ ‘ಯೋಗಮಕರಂದ’ವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿದರು, ಅವರ ಶಿಷ್ಯರ ಮೂಲಕ ಆಸನಗಳು ಭೂಮಂಡಲವನ್ನೆಲ್ಲ ಸುತ್ತಿಬಂದುವು. ಸಂತೋಷದ ವಿಷಯವೇ ಸರಿ. ಆದರೆ ಪತಂಜಲಿಯು ಆಸನಕ್ಕೆಂದು ಮೀಸಲಿಟ್ಟಿರುವುದು ಮೂರೇ ಸೂತ್ರಗಳನ್ನು, ಅದೂ ಎರಡನೆಯ ಪಾದದಲ್ಲಿ. ಜಪದ ಮಾತಾದರೋ ಮೊದಲನೆಯ ಪಾದದಲ್ಲಿಯೇ ಬಂದಿದೆ. ಪ್ರಣವವನ್ನು ಜಪಿಸುತ್ತ ಅದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಬೇಕು; ಅದರಿಂದ ಎರಡು ಫಲಗಳು ದೊರೆಯುವುವು, ಒಳಗಿರುವ ಚೇತನದ ಅರಿವು ಒಂದು, ವಿಘ್ನಗಳು ಇಲ್ಲವಾಗುವುದು ಇನ್ನೊಂದು ಎಂಬುದು ಅಲ್ಲಿಯ ತಾತ್ಪರ್ಯ.

ಆ ವಿಘ್ನಗಳು ಯಾವುವು? ಸೂತ್ರಕಾರನು ಒಂಬತ್ತನ್ನು ಎಣಿಸುತ್ತಾನೆ. ಸಂಶಯ, ಸೋಮಾರಿತನ ಮೊದಲಾದವುಗಳೆಲ್ಲ ಅದರಲ್ಲಿ ಉಂಟು. ಆದರೆ ಪಟ್ಟಿಯ ತಲೆಯಲ್ಲಿ ಇರುವುದು ವ್ಯಾಧಿ. ದೇಹದ ಧಾತುಗಳಲ್ಲಿಯೂ ರಸದಲ್ಲಿಯೂ ಇಂದ್ರಿಯಗಳಲ್ಲಿಯೂ ಉಂಟಾಗುವ ಏರುಪೇರೇ ವ್ಯಾಧಿಯೆಂದು ವ್ಯಾಸಭಾಷ್ಯವು ಬಿಡಿಸಿ ಹೇಳುತ್ತದೆ. ಈ ಒಂಬತ್ತಕ್ಕೂ ನಾಲ್ವರು ಜೊತೆಗಾರರು: ದುಃಖ, ಮನಸ್ಸಿನ ಕುಗ್ಗು, ಅಂಗಾಂಗಗಳ ನಡುಕ, ಹತೋಟಿ ತಪ್ಪಿದ ಉಸಿರಾಟ. ಈ ಕೊನೆಯದನ್ನು ವಾಚಕರು ಗುರುತಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಇನ್ನೂ ಒಂದು ಮಾತು. ಇವುಗಳನ್ನೆಲ್ಲ ಸೂತ್ರಕಾರನು ಕರೆದಿರುವುದು ಚಿತ್ತದ ವಿಕ್ಷೇಪಗಳೆಂದು, ಅಂದರೆ ಮನಸ್ಸನ್ನು ಚದರಿಸುವ ಕಾರಣಗಳೆಂದು. ಕಾಯಿಲೆಯು ದೇಹವನ್ನು ಹಿಡಿಯುತ್ತದೆ. ಅದರ ಬೆನ್ನಲ್ಲಿಯೇ ಭಯ, ನಿದ್ರಾಭಂಗ, ನಿರಾಶೆಗಳು ಮನಸ್ಸನ್ನು ಹಿಡಿಯುತ್ತವೆ. ಜಪವು ನೇರವಾಗಿ ಕೈಯಿಡುವುದು ಈ ಎರಡನೆಯದರ ಮೇಲೆ ಎಂಬುದು ನನ್ನ ತಿಳಿವಳಿಕೆ. ಅದು ಸಣ್ಣ ಕೆಲಸವಲ್ಲವೆಂಬುದನ್ನು ಹಾಸಿಗೆ ಹಿಡಿದವರ ಪಕ್ಕದಲ್ಲಿ ರಾತ್ರಿಗಳನ್ನು ಕಳೆದವರು ಬಲ್ಲರು.

ಉಸಿರಿನ ವಿಷಯಕ್ಕೆ ಬರೋಣ. ಕಾವೇರಿಯು ಎರಡು ತೋಳುಗಳಿಂದ ಬಳಸಿರುವ ಶ್ರೀರಂಗಪಟ್ಟಣದಲ್ಲಿ ಬೆಳಗಿನ ಹೊತ್ತು ಪಶ್ಚಿಮವಾಹಿನಿಯ ಸೋಪಾನಗಳ ಮೇಲೋ ಸಂಗಮದಲ್ಲಿಯೋ ನಿಂತು ನೋಡಿದರೆ, ಮಿಂದು ಬಂದವರು ಮೂಗಿಗೆ ಕೈಯಿಟ್ಟು ಸಂಧ್ಯಾವಂದನೆಗೆ ನಿಂತಿರುವುದನ್ನು ಕಾಣಬಹುದು. ಉಸಿರನ್ನು ತಡೆದು, ವ್ಯಾಹೃತಿಗಳೊಡನೆಯೂ ಶಿರಸ್ಸಿನೊಡನೆಯೂ ಕೂಡಿದ ಗಾಯತ್ರಿಯನ್ನು ಮೂರಾವರ್ತಿ ಮನಸ್ಸಿನಲ್ಲಿ ಹೇಳಿಕೊಂಡರೆ ಒಂದು ಪ್ರಾಣಾಯಾಮವೆಂಬುದು ಸ್ಮೃತಿಕಾರರ ಲೆಕ್ಕ. ಗಡಿಯಾರವಿಲ್ಲದ ಕಾಲದಲ್ಲಿ ಉಸಿರನ್ನು ಅಳೆಯಲು ಮಂತ್ರವೇ ಕೊಳಗ. ಮಂತ್ರದೊಡನೆ ಮಾಡುವ ಪ್ರಾಣಾಯಾಮವನ್ನು ಸಗರ್ಭವೆಂದೂ, ಬರಿಯ ಎಣಿಕೆಯಿಂದ ಮಾಡುವುದನ್ನು ಅಗರ್ಭವೆಂದೂ ಕರೆದು, ಮೊದಲನೆಯದೇ ಮೇಲೆಂದು ಹೇಳುವುದುಂಟು. (ಹೃದ್ರೋಗವೋ ರಕ್ತದ ಒತ್ತಡವೋ ಉಳ್ಳವರು ಉಸಿರನ್ನು ತಡೆಹಿಡಿಯುವ ಗೊಡವೆಗೆ ಹೋಗತಕ್ಕುದಲ್ಲ. ಅವರಿಗೆ ದನಿಯೆತ್ತಿ ಹೇಳುವ ಜಪವೇ ಸಾಕು.)

ಇದಕ್ಕೆ ದೂರದ ಇಟಲಿಯಿಂದ ಒಂದು ಸಾಕ್ಷ್ಯ ದೊರೆತಿದೆ. ಅಲ್ಲಿಯ ವೈದ್ಯರು ೨೩ ಮಂದಿ ಆರೋಗ್ಯವಂತರನ್ನು ಕೂರಿಸಿ, ಕ್ರೈಸ್ತರು ಮಣಿಸರದ ಮೇಲೆ ಎಣಿಸುವ ಮೇರಿಮಾತೆಯ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೂ, ಬೌದ್ಧರ ಷಡಕ್ಷರೀ ಮಂತ್ರವನ್ನೂ ಹೇಳಿಸಿದರು. ೨೦೦೧ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಸಾರಾಂಶವಿದು: ಎರಡರಲ್ಲಿಯೂ ಉಸಿರಾಟವು ತಾನಾಗಿಯೇ ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಇಳಿಯಿತು, ರಕ್ತದ ಒತ್ತಡವು ಏರಿಳಿದಾಗ ಅದಕ್ಕೆ ತಕ್ಕಂತೆ ಹೃದಯದ ಬಡಿತವನ್ನು ತಿದ್ದಿಕೊಳ್ಳುವ ಶಕ್ತಿಯು ಹೆಚ್ಚಿತು. ನಮ್ಮ ರಕ್ತಸಂಚಾರದಲ್ಲಿ ಸ್ವಭಾವವಾಗಿಯೇ ಹತ್ತು ಸೆಕೆಂಡುಗಳಿಗೊಮ್ಮೆ ಏಳುವ ಒಂದು ಅಲೆಯುಂಟು. ಆ ಪ್ರಾರ್ಥನೆಯ ಒಂದು ಸುತ್ತಿಗೆ ಹಿಡಿಯುವ ಕಾಲವೂ ಸುಮಾರು ಅಷ್ಟೇ. ಯುರೋಪಿನ ಮಣಿಸರವು ಅರಬರ ಮೂಲಕ ನಮ್ಮ ಜಪಮಾಲೆಯಿಂದಲೇ ಬಂದಿರಬಹುದೆಂದು ಕೂಡ ಅವರು ಊಹಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಓಂಕಾರವನ್ನು ಉಚ್ಚರಿಸುವಾಗ ಮೆದುಳಿನ ಯಾವ ಯಾವ ಭಾಗ ಕೆಲಸಮಾಡುವುದೆಂದು ಚಿತ್ರಯಂತ್ರದಿಂದ ಪರೀಕ್ಷಿಸಿ, ಭಯೋದ್ವೇಗಗಳಿಗೆ ಸಂಬಂಧಿಸಿದ ಭಾಗಗಳು ಆಗ ಶಾಂತವಾಗುವುವೆಂದು ೨೦೧೧ರಲ್ಲಿ ತಿಳಿಸಿದರು. ‘ಸ್ಸ್’ ಎಂಬ ಬರಿಯ ಸದ್ದನ್ನು ಮಾಡಿದಾಗ ಆ ಪರಿಣಾಮ ಕಂಡುಬರಲಿಲ್ಲ.

ಆದರೆ ನಿಮ್ಹಾನ್ಸಿನ ಪರೀಕ್ಷೆಯಲ್ಲಿ ಇದ್ದವರು ೧೨ ಮಂದಿ ಮಾತ್ರ. ಎರಡು ಕಡೆಯೂ ಪರೀಕ್ಷೆಗೆ ಕುಳಿತವರು ಆರೋಗ್ಯವಂತರೇ ಹೊರತು ರೋಗಿಗಳಲ್ಲ. ಜಪದಿಂದ ಸಿಹಿಮೂತ್ರವೋ ಕ್ಷಯವೋ ವಾಸಿಯಾಯಿತೆಂದು ಈ ವರದಿಗಳು ಎಲ್ಲಿಯೂ ಹೇಳುವುದಿಲ್ಲ. ಇವುಗಳ ಹೆಸರು ಹೇಳಿಕೊಂಡು ಇಪ್ಪತ್ತೊಂದು ದಿನಗಳಲ್ಲಿ ಸರ್ವರೋಗನಿವಾರಣೆಯೆಂದು ಹಣ ಕೇಳುವವರು ಬಂದರೆ ಗೃಹಸ್ಥರು ಬಾಗಿಲು ಹಾಕಿಕೊಳ್ಳುವುದೇ ಲೇಸು.

ಜಪದ ಶಕ್ತಿಯೂ ಅದರ ಎಲ್ಲೆಯೂ ಒಟ್ಟಿಗೆ ಕಾಣುವ ಒಂದು ಸಂಗತಿಯನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ತೊದಲುವ ಹುಡುಗನನ್ನು ನಿಲ್ಲಿಸಿ ಹೆಸರು ಕೇಳಿದರೆ ಮೊದಲನೆಯ ಅಕ್ಷರವೇ ಹೊರಡುವುದಿಲ್ಲ. ಕಣ್ಣಲ್ಲಿ ನೀರು ಬರುತ್ತದೆ. ಅದೇ ಹುಡುಗ ತರಗತಿಯವರೊಡನೆ ಗುಂಪಾಗಿ ಶ್ಲೋಕ ಹೇಳುವಾಗ ಒಂದು ಅಕ್ಷರವೂ ತಡೆಯುವುದಿಲ್ಲ. ಲಯವು ಅವನ ನಾಲಗೆಯನ್ನು ಕೈಹಿಡಿದು ನಡೆಸುತ್ತದೆ. ಶ್ಲೋಕ ಮುಗಿದು ಮತ್ತೆ ಹೆಸರು ಕೇಳಿದರೆ ಮತ್ತೆ ತೊದಲು. ಆದ್ದರಿಂದ ಅವನಿಗೆ ದೊರೆತುದು ಗುಣವಲ್ಲ, ಉಪಶಮನ. ಹಾಗೆಂದು ಅದನ್ನು ಅಲ್ಲಗಳೆಯುವುದೆ? ತಾನೂ ಎಲ್ಲರಂತೆ ನುಡಿಯಬಲ್ಲೆನೆಂಬುದನ್ನು ಆ ಮಗು ದಿನಕ್ಕೊಮ್ಮೆ ತನ್ನ ಕಿವಿಯಿಂದಲೇ ಕೇಳುತ್ತದೆ.

ಇನ್ನು ಅರ್ಥಭಾವನೆಯ ಮಾತು. ಬರಿಯ ಸದ್ದಿಗೂ ಮಂತ್ರಕ್ಕೂ ಇರುವ ಭೇದವಿದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಬೆಟ್ಟದ ಮೇಲಿನ ನರಸಿಂಹಸ್ವಾಮಿಯು ಮೊಣಕಾಲುಗಳಿಗೆ ಯೋಗಪಟ್ಟವನ್ನು ಬಿಗಿದು ಕುಳಿತಿರುವುದನ್ನು ನಮ್ಮ ಸೀಮೆಯ ಒಕ್ಕಲುಮಕ್ಕಳೆಲ್ಲ ಕಂಡಿದ್ದಾರೆ. ಯೋಗವೆಂಬ ಶಬ್ದವನ್ನು ಓದುವ ಮೊದಲೇ ಯೋಗದ ಕುಳಿತವನ್ನು ನೋಡಿದವರು ಅವರು. ಬೆಟ್ಟದ ಕೆಳಗೆ ಚೆಲುವನಾರಾಯಣನ ಉತ್ಸವ ಹೊರಟಾಗ ದೇವರ ಮುಂದೆ ತಮಿಳು ಪ್ರಬಂಧದ ಗೋಷ್ಠಿ, ಹಿಂದೆ ವೇದದ ಗೋಷ್ಠಿ. ಈ ಕ್ಷೇತ್ರಕ್ಕೆ ರಾಮಾನುಜಾಚಾರ್ಯರು ಬಂದು ನೆಲೆಸಿದುದು ಪ್ರಸಿದ್ಧವಾದ ವಿಷಯ. ಅವರು ಗೋಷ್ಠೀಪುರದಲ್ಲಿ ಹದಿನೆಂಟು ಸಲ ಅಲೆದು ಪಡೆದ ಅಷ್ಟಾಕ್ಷರಿಯ ರಹಸ್ಯಾರ್ಥವನ್ನು, ಗುರುವಿನ ಆಣೆಯನ್ನು ಮೀರಿದರೆ ತನಗೆ ನರಕವೆಂದು ತಿಳಿದಿದ್ದರೂ, ದೇವಾಲಯದ ಮೇಲೇರಿ ಎಲ್ಲರಿಗೂ ಸಾರಿದರೆಂದು ಗುರುಪರಂಪರೆಯು ಹೇಳುತ್ತದೆ. ಮಂತ್ರಕ್ಕೆ ಯಾರು ಅಧಿಕಾರಿಗಳೆಂದು ಇಂದಿಗೂ ಜಗಳವಾಡುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಆ ಎಂಟು ಅಕ್ಷರಗಳ ನಡುವಿನ ಪದವನ್ನು ಶ್ರೀವೈಷ್ಣವಾಚಾರ್ಯರು ಎರಡಾಗಿ ಒಡೆದು ‘ನನ್ನದಲ್ಲ’ ಎಂಬ ಅರ್ಥವನ್ನು ಹೇಳುವರು. ನಮಸ್ಕಾರವೆಂದು ನಾವು ತಿಳಿದಿದ್ದ ಶಬ್ದದೊಳಗೆ ಇಷ್ಟು ದೊಡ್ಡ ಮಾತು ಅಡಗಿದೆ. ಈ ಮನೆ ನನ್ನದಲ್ಲ, ಈ ದೇಹವೂ ನನ್ನದಲ್ಲ, ದೇಹದ ನೋವೂ ನನ್ನ ಸ್ವರೂಪವಲ್ಲ ಎಂದು ದಿನಕ್ಕೆ ನೂರೆಂಟು ಸಲ ತಾಳ್ಮೆಯಿಂದ ಹೇಳಿಕೊಳ್ಳುವವನು ಕ್ರಮೇಣ ತನ್ನ ಕೋಪವನ್ನೂ ಲೋಭವನ್ನೂ ತುಸು ದೂರದಿಂದ ನೋಡಲು ಕಲಿಯುತ್ತಾನೆ. ಪತಂಜಲಿಯು ಹೇಳಿದ ಒಳಗಿನ ಅರಿವಿಗೆ ಇದು ಮೊದಲನೆಯ ಮೆಟ್ಟಿಲು. ಹಾಗೆ ನೋಡಲಾಗದೆ, ಜಪದ ನಡುವೆಯೇ ಸೊಸೆಯ ಮೇಲೆ ಕಣ್ಣು ಕೆಂಪಗೆ ಮಾಡುವ ಹಿರಿಯರನ್ನೂ ನಾವು ಕಂಡಿಲ್ಲದೆ ಇಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ವಚನಕಾರ ಸ್ವತಂತ್ರ ಸಿದ್ಧಲಿಂಗೇಶ್ವರರ ಹೆಸರಿನೊಡನೆ ಬೆರೆತಿರುವ ಕಾಪನಹಳ್ಳಿಯ ಗವಿಮಠವುಂಟು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಪಂಚಾಕ್ಷರಿಯನ್ನು ಜಪಿಸುವ ವೀರಶೈವರ ಪದ್ಧತಿಯಲ್ಲಿ ಕಣ್ಣು, ನಾಲಗೆ, ಮನಸ್ಸು ಮೂರೂ ಒಂದೇ ಕಡೆ ಸೇರುತ್ತವೆ. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ೧೯೦೦ರಲ್ಲಿ ಹುಟ್ಟಿದವರು ಎ. ಎನ್. ಮೂರ್ತಿರಾಯರು. ತೊಂಬತ್ತು ದಾಟಿದ ವಯಸ್ಸಿನಲ್ಲಿ ‘ದೇವರು’ ಎಂಬ ಗ್ರಂಥವನ್ನು ಬರೆದು, ಪರಂಪರೆಯ ನಂಬಿಕೆಗಳನ್ನು ವಿಚಾರದ ಒರೆಗಲ್ಲಿಗೆ ಹಚ್ಚಿದವರು ಅವರು. ಅಂತಹ ವಿಚಾರವಾದಿಗೂ ಉಸಿರಿನ ಲಯದ ಮಾತು ಅಡ್ಡಿಯಾಗಲಾರದು. ದೇವರನ್ನು ಒಪ್ಪದವನು ತನಗೆ ಪ್ರಿಯವಾದ ಒಂದು ಒಳ್ಳೆಯ ಮಾತನ್ನೇ ಹಿಡಿಯಬಹುದು. ಅದು ಮಂತ್ರವಾಗುವುದೆ ಎಂಬುದು ಬೇರೆ ಚರ್ಚೆ. ಅದಕ್ಕೆ ಇಲ್ಲಿ ಎಡೆಯಿಲ್ಲ.

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯು ಕಾಲಭೈರವನ ಕ್ಷೇತ್ರ, ನಾಥಪಂಥದ ಪೀಠ. ನಾಥಯೋಗಿಗಳ ಜಪವು ಎಲ್ಲಕ್ಕಿಂತ ವಿಲಕ್ಷಣವಾದುದು: ಅಜಪಾ, ಅಂದರೆ ಜಪಿಸದ ಜಪ. ಉಸಿರು ಹೊರಗೆ ಹೋಗುವಾಗ ‘ಹ’ಕಾರ, ಒಳಗೆ ಬರುವಾಗ ‘ಸ’ಕಾರ, ಎರಡೂ ಸೇರಿ ‘ಹಂಸ’, ತಿರುವಿದರೆ ‘ಸೋಹಂ’, ಅವನೇ ನಾನು. ಹೀಗೆ ಪ್ರತಿಯೊಂದು ಜೀವವೂ ಹಗಲಿರುಳು ಸೇರಿ ೨೧,೬೦೦ ಸಲ ಈ ಮಂತ್ರವನ್ನು ಜಪಿಸುವುದೆಂದು ಹಠಯೋಗದ ಗ್ರಂಥಗಳು ಹೇಳುತ್ತವೆ. ಈ ಸಂಖ್ಯೆಯನ್ನು ಮಕ್ಕಳಿಂದ ಭಾಗಿಸಿ ನೋಡಿರಿ: ಗಂಟೆಗೆ ೯೦೦, ನಿಮಿಷಕ್ಕೆ ೧೫. ಸುಮ್ಮನೆ ಕುಳಿತ ಆರೋಗ್ಯವಂತನ ಉಸಿರು ನಿಮಿಷಕ್ಕೆ ೧೨ರಿಂದ ೨೦ ಎಂದು ಈಗಿನ ವೈದ್ಯರು ಹೇಳುವ ಲೆಕ್ಕಕ್ಕೆ ಇದು ಸರಿಯಾಗಿ ನಡುವೆ ಬೀಳುತ್ತದೆ. ಯೋಗಿಗೂ ನಮಗೂ ಉಸಿರು ಒಂದೇ. ಅವನು ಅದನ್ನು ಬಲ್ಲ, ನಾವು ಅರಿಯೆವು. ಇದೇ ಪೀಠದಲ್ಲಿ ೧೯೭೪ರಿಂದ ೨೦೧೩ರವರೆಗೆ ಇದ್ದ ಬಾಲಗಂಗಾಧರನಾಥ ಸ್ವಾಮಿಗಳ ಕಾಲದಲ್ಲಿ ಮಠದ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಸಮೀಪದಲ್ಲಿಯೇ ಬೆಳೆದುವು. ಭೈರವನಿಗೆ ಕೈಮುಗಿದು ಬಂದವರು ಅಲ್ಲಿಯೇ ರಕ್ತಪರೀಕ್ಷೆಗೂ ಕೈಯೊಡ್ಡುತ್ತಾರೆ. ಇದರಲ್ಲಿ ಅಸಂಗತವೇನೂ ನನಗೆ ಕಾಣದು.

ಕ್ರಮದ ವಿಷಯವಾಗಿ ಕೆಲವು ಮಾತು. ಮನುಸ್ಮೃತಿಯು ದನಿಯೆತ್ತಿದ ಜಪಕ್ಕಿಂತ ತುಟಿಯೊಳಗಿನ ಉಪಾಂಶುವೂ, ಅದಕ್ಕಿಂತ ಮಾನಸಜಪವೂ ಮೇಲೆಂದು ಎಣಿಸಿದೆ. ಆದರೆ ಹೊಸಬರು ಮಾನಸದಿಂದ ಮೊದಲು ಮಾಡಿದರೆ ಮನಸ್ಸು ಸಂತೆಗೆ ಹೋಗಿಬಿಡುತ್ತದೆ. ತನ್ನ ಕಿವಿಗೆ ತನ್ನ ದನಿ ಕೇಳುವಂತೆ ಹೇಳುವುದೇ ಅವರಿಗೆ ಸರಿ. ಉಚ್ಚಾರಣೆಗೆ ಪಾಣಿನೀಯ ಶಿಕ್ಷೆಯು ಕೊಟ್ಟಿರುವ ಉಪಮಾನ ಸೊಗಸಾದುದು: ಹೆಣ್ಣುಹುಲಿಯು ಮರಿಯನ್ನು ಕಚ್ಚಿ ಒಯ್ಯುವಾಗ ಅದು ಬೀಳಲೂ ಕೂಡದು, ಹಲ್ಲು ನಾಟಲೂ ಕೂಡದು, ಅಕ್ಷರವನ್ನೂ ಹಾಗೆ ಹಿಡಿಯಬೇಕು. ಅವಸರದಿಂದ ಓದುವವನನ್ನೂ, ತಲೆಯಾಡಿಸುವವನನ್ನೂ, ಅರ್ಥವರಿಯದವನನ್ನೂ ಅದೇ ಗ್ರಂಥವು ಅಧಮರ ಪಂಕ್ತಿಯಲ್ಲಿ ಕೂರಿಸಿದೆ. ಒಂದು ಉಸಿರಿಗೆ ಒಂದು ಮಂತ್ರ, ನಿಮಿಷಕ್ಕೆ ಆರು ಉಸಿರು ಎಂದಿಟ್ಟುಕೊಂಡರೆ ೧೦೮ಕ್ಕೆ ೧೮ ನಿಮಿಷಗಳು ಬೇಕು. ಮೂರು ನಿಮಿಷಗಳಲ್ಲಿ ಮಾಲೆಯನ್ನು ಮುಗಿಸಿ ಕಾಫಿಗೆ ಏಳುವವರಿಗೆ ಎಣಿಕೆ ದಕ್ಕೀತು, ಉಸಿರು ದಕ್ಕದು. ಅಷ್ಟು ಹೊತ್ತಿಲ್ಲದ ಗೃಹಿಣಿಯರು ೨೭ಕ್ಕೆ ನಿಲ್ಲಿಸಬಹುದು.

ಮನಸ್ಸಿನ ಕಾಯಿಲೆಯುಳ್ಳವರ ವಿಷಯದಲ್ಲಿ ಎಚ್ಚರಿಕೆ ಬೇಕು. ಎಣಿಕೆ ತಪ್ಪಿತೆಂದು ಮತ್ತೆ ಮತ್ತೆ ಮೊದಲಿನಿಂದ ಹಿಡಿಯುವ ಹಟ, ಊಟ ನಿದ್ರೆಗಳನ್ನು ಬಿಟ್ಟು ಕೂರುವ ಗೀಳು, ಯಾರೂ ಇಲ್ಲದೆಡೆ ದನಿಗಳನ್ನು ಕೇಳುವುದು, ಇವು ಭಕ್ತಿಯ ಲಕ್ಷಣಗಳಲ್ಲ. ಮನೆಯವರು ಸಂಕೋಚಪಡದೆ ವೈದ್ಯರಿಗೆ ತೋರಿಸಬೇಕು. ಜಪ ಹಿಡಿದೆನೆಂದು ದಿನವೂ ನುಂಗುವ ಮಾತ್ರೆಯನ್ನು ತಾವಾಗಿ ಬಿಡುವವರಿಗೂ ಮನೆಯ ಮಂದಿ ತಡೆ ಹೇಳಬೇಕು.

ರೋಗಿಯು ತಾನೇ ಹೇಳಲಾರದಷ್ಟು ಬಳಲಿದ್ದರೆ ಪಕ್ಕದಲ್ಲಿದ್ದವರು ಅವನ ಪರವಾಗಿ ಹೇಳುವುದು ನಮ್ಮ ಹಿಂದಿನ ರೂಢಿ. ಅವನಿಗೆ ಪರಿಚಿತವಾದ, ಬಾಲ್ಯದಿಂದ ಕೇಳಿದ ನಾಮವನ್ನೇ ಆರಿಸಿಕೊಳ್ಳಬೇಕು; ಆ ಹೊತ್ತಿನಲ್ಲಿ ಹೊಸ ಸ್ತೋತ್ರ ಬೇಡ. ದನಿ ಕಿರಿದಾಗಿರಲಿ, ನಡೆ ನಿಧಾನವಾಗಿರಲಿ. ಅವನು ಮುಖ ತಿರುಗಿಸಿದರೆ ನಿಲ್ಲಿಸಬೇಕು. ಔಷಧದ ವೇಳೆಯಾದರೆ ಮಾಲೆಯನ್ನು ಅರ್ಧದಲ್ಲಿ ಕೆಳಗಿಟ್ಟರೂ ದೋಷವಿಲ್ಲ. ಮೊದಲು ಔಷಧವನ್ನು ಕುಡಿಸಿ, ಬಾಯಿ ಒರೆಸಿ, ಆಮೇಲೆ ಬಿಟ್ಟ ಮಣಿಯಿಂದ ಮುಂದುವರಿಸಬಹುದು.